ಸವಾರಿ ನುಸಿ, ನೆಲೆ ನುಸಿ

ನೌರಂಗಪುರದ ಪೂರ್ವ ಮೊಹಲ್ಲಾದ ನಲ್ಲಿಗಳು ಬೇಸಿಗೆಯ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನಿಂತುಹೋದವು. ಧಾರೆ ಸಣ್ಣದಾಯಿತು, ಹನಿಯಾಯಿತು, ಆಮೇಲೆ ಕೊಳಾಯಿಯೊಳಗಿಂದ ಗಾಳಿಯ ಸದ್ದು ಮಾತ್ರ ಬಂತು. ಕೊಡ ಹಿಡಿದು ನಿಂತಿದ್ದ ಹೆಂಗಸರು ಕರೆಂಟು ಹೋಗಿರಬೇಕು ಅಂದುಕೊಂಡರು. ಕರೆಂಟು ಇತ್ತು. ಸುರಂಗದಲ್ಲಿ ನೀರೂ ಇತ್ತು. ಜಲಸಾಕ್ಷಿ ಎಂಬ ಯಂತ್ರ ಆ ನೀರನ್ನು ನೋಡಿ, ಇದು ಕುಡಿಯಲು ಯೋಗ್ಯವಲ್ಲವೆಂದು ತೀರ್ಮಾನಿಸಿ, ಉಕ್ಕಿನ ಬಾಗಿಲನ್ನು ತಾನೇ ಇಳಿಸಿತ್ತು.

ನೌರಂಗಪುರ ಬೀದರ ಸೀಮೆಯ ಕೆಂಗಲ್ಲಿನ ಬಯಲಿನ ಮೇಲೆ ಕೂತ ಊರು. ಸುಲ್ತಾನರ ಕಾಲದಲ್ಲಿ ಆ ಕಲ್ಲಿನ ಒಡಲಲ್ಲಿ ಉದ್ದಕ್ಕೂ ಒಂದು ಸುರಂಗ ಕೊರೆದು, ಬಿರುಕುಗಳಿಂದ ಜಿನುಗುವ ನೀರನ್ನು ಅದರೊಳಗೆ ಹರಿಸಿ ಊರಿಗೆ ತಂದಿದ್ದರು. ಗಾಳಿ ಬೆಳಕಿಗೆಂದು ಅಲ್ಲಲ್ಲಿ ಮೇಲಿನಿಂದ ಗಾಳಿಬಾವಿಗಳನ್ನು ಇಳಿಸಿದ್ದರು. ಕೊಳವೆಬಾವಿಗಳು ಬಂದ ಮೇಲೆ ಸುರಂಗ ಯಾರಿಗೂ ಬೇಡವಾಯಿತು, ಗಾಳಿಬಾವಿಗಳಲ್ಲಿ ಕಸ ತುಂಬಿತು. ಈ ಶತಮಾನ ಅರ್ಧ ಕಳೆಯುವ ಹೊತ್ತಿಗೆ ಕೊಳವೆಬಾವಿಗಳೆಲ್ಲ ಬತ್ತಿದವು. ಆಗ ಊರಿಗೆ ಸುರಂಗದ ನೆನಪಾಯಿತು. ಹೂಳು ತೆಗೆದರು, ಕೊಳಾಯಿ ಜೋಡಿಸಿದರು, ಬಾಯಿಗೆ ಜಲಸಾಕ್ಷಿಯನ್ನು ಕೂರಿಸಿದರು.

ಜಲಸಾಕ್ಷಿ ನೀರಿನಲ್ಲಿರುವ ಲವಣ, ವಿಷಗಳನ್ನು ಅಳೆಯುವ ಯಂತ್ರವಲ್ಲ. ಅಂಥ ಪರೀಕ್ಷೆ ಆ ಗಳಿಗೆಯ ನೀರಿನ ಬಗ್ಗೆ ಮಾತ್ರ ಹೇಳುತ್ತದೆ. ನಿನ್ನೆ ಹರಿದುಹೋದ ಕೊಳೆ ಅದಕ್ಕೆ ಗೊತ್ತಾಗುವುದಿಲ್ಲ. ನೀರಿನಲ್ಲಿ ತಿಂಗಳುಗಟ್ಟಲೆ ಬದುಕಿದ ಜೀವಿಗೆ ಗೊತ್ತಿರುತ್ತದೆ. ಆದ್ದರಿಂದ ಈ ಯಂತ್ರ ಸುರಂಗದ ನೀರನ್ನು ತೆಳ್ಳನೆಯ ಗಾಜಿನ ಕಾಲುವೆಯಲ್ಲಿ ಹರಿಸಿ, ಅದರಲ್ಲಿ ತೇಲಿಬರುವ ಪ್ರತಿಯೊಂದು ಹುಳುವಿನ ಚಿತ್ರವನ್ನು ಮೇಲಿನಿಂದ ತೆಗೆದು, ಅದರ ಹೆಸರು ಹೇಳುತ್ತಿತ್ತು. ಸುರಂಗದ ಕತ್ತಲಲ್ಲಿ ಸಾಸಿವೆಗಿಂತ ಸಣ್ಣದಾದ ಒಂದು ನೀರುನುಸಿ ಇತ್ತು. ಬಿಳುಚಿದ ಮೈ, ಎಂಟು ಕಾಲು, ಕಣ್ಣಿಲ್ಲ. ಕುರುಡುನುಸಿ ಎಂದು ಕರೆಯುತ್ತಿದ್ದ ಅದು ಲೋಕದಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ಅದು ಇದ್ದಷ್ಟು ದಿನ ನೀರು ಬಂಡೆಯ ನೀರು ಎಂದು ಯಂತ್ರದ ಲೆಕ್ಕ. ಕೆರೆ ಹೊಂಡಗಳಲ್ಲಿ ಬದುಕುವ, ಕಣ್ಣುಳ್ಳ ಕೆಂಪುನುಸಿ ಕಂಡರೆ ಮೇಲಿನ ಕೊಳೆನೀರು ಎಲ್ಲೋ ಒಳಗೆ ಇಳಿಯುತ್ತಿದೆ ಎಂದರ್ಥ.

ಆ ಬೆಳಗ್ಗೆ ಕೆಂಪುನುಸಿ ಕಂಡಿತ್ತು. ಒಂದಲ್ಲ, ಹಿಂಡು.

ಸುರಂಗದ ಜೀವಿಗಳ ಉಸ್ತುವಾರಿ ಡಾ. ಮಹಾನಂದಾ ಬಿರಾದಾರರದ್ದು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಭಾಲ್ಕಿಯ ಕಡೆಯವರು. ಅವರು ನಿಯಂತ್ರಣ ಕೋಣೆಗೆ ಬಂದಾಗ ಇಂಜಿನಿಯರ್ ಅನಿಲ ಗುತ್ತೇದಾರ ಪರದೆಯ ಮುಂದೆ ನಿಂತೇ ಇದ್ದ. ಚಿತ್ರದ ಮೇಲೆ ಚಿತ್ರ ಬರುತ್ತಿತ್ತು: ದುಂಡಗೆ ಕೆಂಪು ಮೈ, ಎದುರಿಗೆ ಎರಡು ಕಪ್ಪು ಚುಕ್ಕೆ.

ಗುತ್ತೇದಾರ ಕೆಟ್ಟ ಮನುಷ್ಯನಲ್ಲ. ಇದಕ್ಕೆ ಮುಂಚೆ ಬೇರೊಂದು ಊರಿನಲ್ಲಿ ನೀರು ಬಿಡಬೇಕೋ ಬೇಡವೋ ಎಂದು ಚರ್ಚೆ ನಡೆಯುತ್ತಿದ್ದಾಗಲೇ ಕಾಮಾಲೆ ಹರಡಿ ಜನ ಸತ್ತದ್ದನ್ನು ಕಣ್ಣಾರೆ ನೋಡಿದ್ದ. ಆದ್ದರಿಂದ ಅವನಿಗೆ ಕಾಯುವುದೆಂದರೆ ಹೆದರಿಕೆ. ಪೂರ್ವ ಮೊಹಲ್ಲಾಕ್ಕೆ ನೀರು ತರುವ ಸುರಂಗದ ಪೂರ್ವದ ಕವಲಿನ ಉದ್ದಕ್ಕೂ ಬಂಡೆಯ ಬಿರುಕುಗಳಿಗೆ ರಾಳ ತುಂಬಿಸಿ ಮುಚ್ಚಿಬಿಡುವುದೇ ಸರಿಯೆಂದು ಮೇಲಿನವರಿಗೆ ಆಗಲೇ ಹೇಳಿಯಾಗಿತ್ತು. ಹಾಗೆ ಮಾಡಿದರೆ ಕೊಳೆ ಬರುವುದಿಲ್ಲ. ನೀರೂ ಬರುವುದಿಲ್ಲ, ಎಂದೆಂದಿಗೂ. ಕುರುಡುನುಸಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಪೂರ್ವ ಮೊಹಲ್ಲಾ ಟ್ಯಾಂಕರಿನ ಹಿಂದೆ ಓಡುತ್ತಿರಬೇಕು.

ಮಹಾನಂದಾ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಇವು ನೀರಿನಲ್ಲೇ ಬಂದಿವೆಯೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಹುಳ ನೀರಿನಲ್ಲಿ ಬರದೆ ಇನ್ನೆಲ್ಲಿಂದ ಬರುತ್ತದೆ ಎಂದ ಗುತ್ತೇದಾರ.

"ಗಾಳ್ಯಾಗ ಬರ್ತಾವ" ಎಂದರು ಮಹಾನಂದಾ.

ಅವರು ವಿವರಿಸಿದರು. ಹೆಚ್ಚಿನ ನೀರುನುಸಿಗಳ ಮರಿ ಹುಟ್ಟಿದ ಕೂಡಲೆ ಸೊಳ್ಳೆಯ ಜಾತಿಯ ಯಾವುದಾದರೂ ಹುಳುವಿಗೆ ಅಂಟಿಕೊಳ್ಳುತ್ತದೆ. ಅದರ ರಕ್ತ ಹೀರುತ್ತ, ಅದರ ಮೇಲೆಯೇ ಕೂತು ಊರೆಲ್ಲ ಹಾರುತ್ತದೆ. ಆ ಸೊಳ್ಳೆ ಎಲ್ಲಿ ನೀರಿಗಿಳಿಯುತ್ತದೋ ಅಲ್ಲಿ ಮರಿಯೂ ಇಳಿಯುತ್ತದೆ. ತೆರೆದ ಗಾಳಿಬಾವಿ ಒಂದಿದ್ದರೆ ಸಾಕು. ಅಂಥದ್ದಾದರೆ ನೀರಿಗೆ ಯಾವ ದೋಷವೂ ಇಲ್ಲ. ಆದರೆ ಭಾಲ್ಕಿಯ ಕೆರೆಗಳಲ್ಲಿ ಅವರೇ ಹಿಂದೆ ಇನ್ನೊಂದು ಬಗೆ ಕಂಡಿದ್ದರು. ನೋಡಲು ತದ್ರೂಪು. ಅದರ ಮರಿ ಯಾರನ್ನೂ ಏರುವುದಿಲ್ಲ, ಹುಟ್ಟಿದ ನೀರು ಬಿಟ್ಟು ಕದಲುವುದಿಲ್ಲ. ಅದು ಒಂದು ಹೊಂಡದಿಂದ ಸುರಂಗಕ್ಕೆ ಬಂದಿದೆ ಎಂದರೆ ಹೊಂಡದ ನೀರೇ ಸುರಂಗಕ್ಕೆ ಬಂದಿದೆ. ಮೊದಲಿನದು ಸವಾರಿ ನುಸಿ, ಎರಡನೆಯದು ನೆಲೆ ನುಸಿ. ಎರಡೂ ಒಂದೇ ಜಾತಿಯ ಸಣ್ಣ ಭೇದವೆಂದು ಹೇಳಿ ವಿದ್ವಾಂಸರು ಒಂದೇ ಹೆಸರಿನಡಿ ಸೇರಿಸಿಬಿಟ್ಟಿದ್ದರು. ಯಂತ್ರ ಕಲಿತದ್ದು ಆ ಒಂದೇ ಹೆಸರನ್ನು. ವಂಶವಾಹಿ ಪರೀಕ್ಷೆ ಮಾಡಿದರೂ ಉತ್ತರ ಅದೇ ಬರುತ್ತಿತ್ತು, ಏಕೆಂದರೆ ಹೋಲಿಸಿ ನೋಡಲು ಬೇರೆ ಬೇರೆ ಮಾದರಿಗಳನ್ನು ಯಾರೂ ಕೂಡಿಟ್ಟಿರಲಿಲ್ಲ.

"ಮೇಡಂ, ಕಡೀ ಮಾತು ಹೇಳ್ರಿ. ನೋಡಿ ಗುರುತು ಹಿಡೀಲಿಕ್ಕ ಆಗ್ತದೋ ಇಲ್ಲೋ?"

ಗಂಡು ಸಿಕ್ಕರೆ ಆಗುತ್ತದೆ ಎಂದರು ಮಹಾನಂದಾ. ಗಂಡಿನ ಹಿಂಗಾಲಿನಲ್ಲಿ ಕಚ್ಚು ಇದ್ದರೆ ಸವಾರಿ, ಇಲ್ಲದಿದ್ದರೆ ನೆಲೆ. ಗುತ್ತೇದಾರ ರಾಳದ ಯಂತ್ರ ಬರುವ ತನಕ ಅವಕಾಶ ಕೊಟ್ಟ. ಅದು ಬರಲು ಒಂದು ವಾರವಿತ್ತು.

ಪೂರ್ವದ ಕವಲಿನ ಮೇಲೆ ತೆರೆದಿದ್ದ ಗಾಳಿಬಾವಿ ಒಂದೇ. ಅದು ಇದ್ದದ್ದು ಮಹಾನಂದಾ ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ.

ಮನೆ ತಾಹೇರಾ ಬಾನು ಅವರದ್ದು. ಮೊಹಲ್ಲಾದ ಅರ್ಧ ಮಕ್ಕಳನ್ನು ಭೂಮಿಗೆ ತಂದ ಸೂಲಗಿತ್ತಿ ನರ್ಸ್. ಕೆಳಗೆ ಅವರ ಹೆರಿಗೆ ಮನೆ, ಮೇಲಿನ ಎರಡು ಕೋಣೆ ಮಹಾನಂದಾಗೆ. ಊಟ ಇಬ್ಬರದೂ ಕೂಡಿಯೇ. ಅಕ್ಕ ಎನ್ನುವಂತೆ ಮಹಾನಂದಾ ಅವರನ್ನು ಆಪಾ ಎನ್ನುತ್ತಿದ್ದರು, ತಾಹೇರಾ ಇವರನ್ನು ನಂದಾ ಎನ್ನುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ತಾಹೇರಾ ತಮ್ಮ ಕೈಯಿಂದ ಖರ್ಚು ಮಾಡಿ ಆ ಗಾಳಿಬಾವಿಯ ಕಸ ತೆಗೆಸಿದ್ದರು. ಅದರಿಂದಾಗಿ ಆ ಭಾಗದ ಸುರಂಗದಲ್ಲಿ ಉಸಿರುಕಟ್ಟುವುದು ತಪ್ಪಿ, ಹೂಳು ತೆಗೆಯುವವರು ನೆಮ್ಮದಿಯಿಂದ ಕೆಲಸ ಮಾಡುವಂತಾಗಿತ್ತು. ಆಗ ಎಲ್ಲರೂ ಹೊಗಳಿದ್ದರು.

ಈಗ ಮಾತು ತಿರುಗಿತ್ತು. ಟ್ಯಾಂಕರಿನ ಸರದಿಯಲ್ಲಿ ನಿಂತವರು ಬಾವಿ ತೆರೆದದ್ದರಿಂದಲೇ ನೀರು ಕೆಟ್ಟಿತು ಅನ್ನತೊಡಗಿದ್ದರು. ಹೆರಿಗೆ ಮನೆಯ ಹೊಲಸನ್ನು ಅದರಲ್ಲಿ ಸುರಿಯುತ್ತಾರೆ ಎಂದೂ ಯಾರೋ ಸೇರಿಸಿದ್ದರು. ಒಂದು ಮುಂಜಾನೆ ಬಾವಿಯ ಬಾಯಿಯ ಜಾಲರಿ ಕಿತ್ತು, ಒಳಗೆ ಕಲ್ಲು ಕಸ ಎಸೆದಿದ್ದರು. ತಾಹೇರಾ ಜಾಲರಿಯನ್ನು ಮತ್ತೆ ಕೂರಿಸಿದರು. ಒಳಗೆ ಒಬ್ಬ ಬಾಣಂತಿ ಇದ್ದಳು, ಇನ್ನೊಬ್ಬಳಿಗೆ ದಿನ ತುಂಬಿತ್ತು. ಕಾಯಿಸಿದ ನೀರಿಲ್ಲದೆ ಹೆರಿಗೆ ಮಾಡಿಸಲಾಗದೆಂದು ಆಕೆಯನ್ನು ಅದೇ ದಿನ ದೂರದ ಆಸ್ಪತ್ರೆಗೆ ಕಳಿಸಬೇಕಾಯಿತು.

ಊಟಕ್ಕೆ ಕೂತಾಗ ತಾಹೇರಾ ಕೇಳಿದರು, "ನಂದಾ, ಖರೇ ಹೇಳು. ಬಾವಿ ತೆರದಿದ್ದು ನನ್ನ ತಪ್ಪೇನು?"

ಇನ್ನೂ ಗೊತ್ತಿಲ್ಲ ಎಂದರು ಮಹಾನಂದಾ. ಅಲ್ಲವೆಂದು ಹೇಳಲು ಬಾಯಿಗೆ ಬಂದಿತ್ತು. ಈಕೆಯ ರೊಟ್ಟಿ ತಿನ್ನುತ್ತ ಈಕೆಯ ಬಾವಿಯ ಮೇಲೆ ತೀರ್ಪು ಹೇಳಬೇಕಲ್ಲ ಎಂಬ ಸಂಕಟ ಅವರಿಗೆ ಆಗಲೇ ಶುರುವಾಗಿತ್ತು.

ಮರುದಿನ ಅವರು ಸುರಂಗಕ್ಕೆ ಇಳಿದರು. ಮೊಣಕಾಲಿನವರೆಗೆ ತಣ್ಣನೆಯ ನೀರು, ತಲೆಗೆ ತಾಗುವ ಕೆಂಗಲ್ಲಿನ ಚಾವಣಿ. ಬಲೆಯನ್ನು ಗೋಡೆಯ ಪಾಚಿಗೆ ಒರೆಸಿ ಒರೆಸಿ ನುಸಿ ಹಿಡಿದರು. ಗಾಳಿಬಾವಿಯ ಮೇಲ್ಭಾಗದ ಹರಿವಿನಿಂದ ಹಿಡಿದವನ್ನು ಒಂದು ಸೀಸೆಗೆ, ಕೆಳಭಾಗದವನ್ನು ಇನ್ನೊಂದಕ್ಕೆ ಹಾಕಿಕೊಂಡರು. ಪ್ರಯೋಗಶಾಲೆಗೆ ಬಂದು ಒಂದೊಂದನ್ನೇ ಅಂಗಾತ ಮಲಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಎಲ್ಲವೂ ಹೆಣ್ಣು. ಇನ್ನೊಮ್ಮೆ ಇಳಿದು ಹಿಡಿದು ತಂದರು. ಮತ್ತೆ ಹೆಣ್ಣು. ಬೇಸಿಗೆಯ ಹೊತ್ತಿಗೆ ಗಂಡುಗಳು ಹೆಣ್ಣಿನೊಡನೆ ಕೂಡಿ ಸತ್ತುಹೋಗಿರುತ್ತವೆಂದು ಅವರಿಗೆ ಆಗ ನೆನಪಾಯಿತು.

ಉಳಿದದ್ದು ಒಂದೇ ದಾರಿ, ಮೊಟ್ಟೆ. ಸವಾರಿ ನುಸಿಯ ಮರಿಗಳಲ್ಲಿ ಹೆಚ್ಚಿನವು ಸೊಳ್ಳೆ ಸಿಗದೆ ಸಾಯುತ್ತವೆ, ಆದ್ದರಿಂದ ತಾಯಿ ಧೂಳಿನಷ್ಟು ಸಣ್ಣ ಮೊಟ್ಟೆಗಳನ್ನು ರಾಶಿ ಹಾಕುತ್ತದೆ. ನೆಲೆ ನುಸಿಯ ಮರಿಗೆ ಹೊರಗಿನ ಆಹಾರವಿಲ್ಲ. ತಾಯಿ ಕೆಲವೇ ಮೊಟ್ಟೆ ಇಟ್ಟು, ಪ್ರತಿಯೊಂದರಲ್ಲೂ ಬುತ್ತಿ ಕಟ್ಟಿದ ಹಾಗೆ ತುಂಬಿ ಕಳಿಸುತ್ತದೆ. ಮಹಾನಂದಾ ಒಂದೊಂದು ನುಸಿಯನ್ನು ಒಂದೊಂದು ಗಾಜಿನ ಬಟ್ಟಲಲ್ಲಿ ಬಿಟ್ಟು, ಪಾಚಿಯ ಎಳೆ ಹಾಕಿ, ಕಾಯುತ್ತ ಕೂತರು. ಜಲಸಾಕ್ಷಿ ರೆಪ್ಪೆ ಬಡಿಯುವಷ್ಟರಲ್ಲಿ ಹೆಸರು ಹೇಳುತ್ತಿತ್ತು. ಇಲ್ಲಿ ಹುಳು ಮನಸ್ಸು ಮಾಡುವ ತನಕ ಹೆಸರಿಲ್ಲ. ಗುತ್ತೇದಾರ ದಿನಾ ಬಂದು ಬಟ್ಟಲುಗಳನ್ನು ನೋಡಿ ಹೋಗುತ್ತಿದ್ದ. ಒಂದು ದಿನ ಅವನೂ ಕುರ್ಚಿ ಎಳೆದುಕೊಂಡು ಕೂತ. ಹಿಂದಿನ ಊರಿನಲ್ಲಿ ಸತ್ತವರಲ್ಲಿ ತನ್ನ ಡ್ರೈವರನ ಮಗಳೂ ಇದ್ದಳು ಎಂದು, ಯಾರೂ ಕೇಳದೆಯೇ ಹೇಳಿದ.

ಮೊದಲ ಮೊಟ್ಟೆಗಳು ಬಂದಾಗ ಮಹಾನಂದಾಗೆ ಎದೆ ಹಗುರಾಯಿತು. ಧೂಳಿನಂಥ ಕೆಂಪು ರಾಶಿ. ಸವಾರಿ ನುಸಿ. ಪಕ್ಕದ ಬಟ್ಟಲಲ್ಲೂ ಅದೇ, ಅದರ ಪಕ್ಕದಲ್ಲೂ ಅದೇ. ಬಾವಿಯಿಂದ ಹಾರಿಬಂದವು, ನೀರಿನ ತಪ್ಪಿಲ್ಲ, ಆಪಾಳ ತಪ್ಪಿಲ್ಲ. ಅವರು ಮನೆಗೆ ಫೋನು ಮಾಡಲು ಎದ್ದರು. ಹಾಗೆಯೇ ಕೆಳಭಾಗದ ಸೀಸೆಯ ನುಸಿಗಳನ್ನಿಟ್ಟ ಎರಡನೆಯ ಸಾಲಿನ ಮೇಲೆ ಕಣ್ಣು ಹೋಯಿತು. ಒಂದು ಬಟ್ಟಲಿನ ಗೋಡೆಗೆ ನಾಲ್ಕಾರು ದಪ್ಪ ಮೊಟ್ಟೆಗಳು ಬಿಡಿಬಿಡಿಯಾಗಿ ಅಂಟಿಕೊಂಡಿದ್ದವು. ಆ ಸಾಲಿನಲ್ಲಿ ಅಂಥವು ಇನ್ನೂ ಕೆಲವಿದ್ದವು.

ಎರಡೂ ಬಗೆ ಸುರಂಗದಲ್ಲಿದ್ದವು. ಸವಾರಿ ನುಸಿ ಬಾವಿಯ ಎರಡೂ ಕಡೆ ಇತ್ತು. ನೆಲೆ ನುಸಿ ಕೆಳಭಾಗದ ಸೀಸೆಯಿಂದ ಬಂದವುಗಳಲ್ಲಿ ಮಾತ್ರ. ಅಂದರೆ ಎಲ್ಲೋ ಒಂದು ಹೊಂಡ, ಆ ಮನೆಯ ಹತ್ತಿರವೇ, ಸುರಂಗಕ್ಕೆ ಸೋರುತ್ತಿತ್ತು.

ಎಲ್ಲೋ ಎಂದು ಹುಡುಕುವ ಅಗತ್ಯವಿರಲಿಲ್ಲ. ತಾಹೇರಾ ಬಾನು ಅವರ ಹಿತ್ತಿಲಲ್ಲಿ ಜೊಂಡಿನ ಹೊಂಡವಿತ್ತು. ಹೆರಿಗೆ ಮನೆಯ ಬಟ್ಟೆ ಒಗೆದ ನೀರು, ನೆಲ ತೊಳೆದ ನೀರು ಬೀದಿಗೆ ಹರಿಯಬಾರದೆಂದು, ಅವರೇ ಕೆರೆಯಿಂದ ಜೊಂಡಿನ ಗಡ್ಡೆ ತರಿಸಿ ಬೆಳೆಸಿದ್ದರು. ಕೊಳೆ ಹೀರಿ ನೀರು ತಿಳಿಯಾಗುತ್ತದೆ, ಗಿಡಗಳಿಗೆ ಹಾಕಬಹುದು ಎಂದು ಅವರಿಗೆ ಹೆಮ್ಮೆ. ಮಹಾನಂದಾ ಸಂಜೆ ಹಿತ್ತಿಲಿಗೆ ಹೋಗಿ ಜೊಂಡಿನ ಬೇರು ಅಲುಗಿಸಿ ಬಲೆ ಹಾಕಿದರು. ಕೆಂಪುನುಸಿಗಳು ಬಂದವು. ಕಾಂಡದ ಮೇಲೆ ದಪ್ಪ ಮೊಟ್ಟೆಗಳೂ ಇದ್ದವು. ನೀರು ಇಳಿದಿದ್ದ ಅಂಚಿನಲ್ಲಿ, ಬುಡಕ್ಕೆ ಮೆತ್ತಿದ್ದ ಜೇಡಿಮಣ್ಣು ಬೇಸಿಗೆಗೆ ಬಾಯಿಬಿಟ್ಟು ಬೆರಳು ಹೋಗುವಷ್ಟು ಸೀಳಿತ್ತು.

ಅಲ್ಲಿಯೇ ಕಟ್ಟೆಯ ಮೇಲೆ ಅವರು ಸ್ವಲ್ಪ ಹೊತ್ತು ಕೂತರು. ಸಣ್ಣ ಮೊಟ್ಟೆಯವೇ ಹೆಚ್ಚು ಇದ್ದವು. ಅವನ್ನಷ್ಟೇ ತೋರಿಸಿದರೆ ನಾಳೆ ಬಾಗಿಲು ತೆರೆಯುತ್ತಿತ್ತು, ಊರು ಹರಸುತ್ತಿತ್ತು, ಹಿತ್ತಿಲಿಗೆ ಯಾರೂ ಬರುತ್ತಿರಲಿಲ್ಲ. ಹೊಂಡದ ಸೀಳನ್ನು ಸದ್ದಿಲ್ಲದೆ ತಾವೇ ಮುಚ್ಚಿಸಬಹುದಿತ್ತು. ಈ ಯೋಚನೆ ತಮ್ಮ ತಲೆಗೆ ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವರಿಗೇ ಹೆದರಿಕೆಯಾಯಿತು. ಎದ್ದು ಒಳಗೆ ಹೋದರು.

ತಾಹೇರಾ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ಮಹಾನಂದಾ ನಿಂತಲ್ಲಿಯೇ ಎಲ್ಲವನ್ನೂ ಹೇಳಿದರು. ಬಾವಿಯಿಂದ ಬಂದ ನುಸಿ ಬೇರೆ, ಹೊಂಡದಿಂದ ಬಂದದ್ದು ಬೇರೆ. ಬಾವಿಯಿಂದ ಯಾರಿಗೂ ಕೇಡಿಲ್ಲ. ಹೊಂಡ ಮಾತ್ರ ಸೋರುತ್ತಿದೆ. ಬೇಸಿಗೆ ಹತ್ತಿದಾಗಿನಿಂದ ಸೋರುತ್ತಿರಬೇಕು. ಮೊದಲು ನೀರು ಮಾತ್ರ ಜಿನುಗಿ, ಸೀಳು ಅಗಲವಾದ ಮೇಲೆ ನುಸಿ ಇಳಿದಿರಬೇಕು.

ತಾಹೇರಾ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಹದಕ್ಕೆ ಬಂದ ಮೇಲೂ ನಾದುತ್ತಲೇ ಇದ್ದರು.

"ಬ್ಯಾಸಗಿ ಸುರುವಿಗೆ ಓಣ್ಯಾಗ ಕೂಸುಗಳಿಗಿ ಭೇದಿ ಹತ್ತಿತ್ತು" ಎಂದರು ಕೊನೆಗೆ. "ಸುಮಿತ್ರಾನ ಕೂಸು ದವಾಖಾನ್ಯಾಗ ಎಷ್ಟೊಂದ್ ದಿನ ಇತ್ತು. ಅದು ನನ್ನ ನೀರಿಂದೇನು?"

"ಗೊತ್ತಿಲ್ಲ ಆಪಾ. ನೀರು ಎಲ್ಲಿಂದ ಬಂತು ಅನ್ನೋದಷ್ಟೇ ನುಸಿ ಹೇಳ್ತದ. ಯಾರಿಗಿ ಏನ್ ಮಾಡ್ತು ಅನ್ನೋದು ಹೇಳಂಗಿಲ್ಲ."

"ಇರಬಹುದು."

"ಇರಬಹುದು."

"ನೀ ಹೇಳ್ದೇ ಇದ್ದಿದ್ರ ನನಗ ತಿಳೀತಿರಲಿಲ್ಲ" ಎಂದರು ತಾಹೇರಾ. ಅದು ಆಕ್ಷೇಪಣೆಯೋ ಮೆಚ್ಚುಗೆಯೋ ಮಹಾನಂದಾಗೆ ಗೊತ್ತಾಗಲಿಲ್ಲ. ಆ ದಿನ ರೊಟ್ಟಿ ಬೇಯಲಿಲ್ಲ.

ಮರುದಿನ ನೀರಿನ ಕಚೇರಿಯ ಅಂಗಳದಲ್ಲಿ ಜನ ಸೇರಿದರು. ಮಹಾನಂದಾ ಎರಡು ಬಟ್ಟಲುಗಳನ್ನು ಪರದೆಯ ಮೇಲೆ ತೋರಿಸಿ, ಎರಡು ಹುಳುಗಳ ಬದುಕನ್ನು ಆದಷ್ಟು ಸರಳವಾಗಿ ಹೇಳಿದರು. ಜನ ಕೇಳಿಸಿಕೊಂಡರು, ಆದರೆ ಅವರಿಗೆ ಬೇಕಾದಷ್ಟನ್ನೇ ಕೇಳಿಸಿಕೊಂಡರು. ಬಾವಿ ತಾಹೇರಾ ಬಾನು ಅವರದು, ಹೊಂಡವೂ ಅವರದೇ. ಅಂದ ಮೇಲೆ ಎರಡನ್ನೂ ಮುಚ್ಚಿ, ಹೆರಿಗೆ ಮನೆಯನ್ನೂ ಮುಚ್ಚಿ ಎಂದು ಹಿಂದಿನಿಂದ ಕೂಗು ಎದ್ದಿತು. ಯಾವುದು ಯಾವುದೆಂದು ಬೇರ್ಪಡಿಸುತ್ತ ಕೂರುವ ತಾಳ್ಮೆ, ಬಿಸಿಲಲ್ಲಿ ಕೊಡ ಹೊತ್ತು ದಣಿದವರಿಗೆ ಎಲ್ಲಿಂದ ಬರಬೇಕು?

ಆಗ ತಾಹೇರಾ ಎದ್ದು ನಿಂತರು. ಹೊಂಡ ನನ್ನದು, ಸೋರಿದ್ದು ಖರೆ, ಇವತ್ತು ಬೆಳಗ್ಗೆಯೇ ಅದಕ್ಕೆ ನೀರು ಬಿಡುವುದನ್ನು ನಿಲ್ಲಿಸಿದ್ದೇನೆ ಎಂದರು. ಬುಡಕ್ಕೆ ಸಿಮೆಂಟು ಕಟ್ಟಿಸಿ ನೀವೇ ನೋಡಿ ಒಪ್ಪುವ ತನಕ ಹೆರಿಗೆ ಮಾಡಿಸುವುದಿಲ್ಲ ಎಂದರು.

"ಆದ್ರ ಬಾವಿ ಮುಚ್ಚಬ್ಯಾಡ್ರಿ. ಅದು ಮುಚ್ಚಿದ್ರ ಒಳಗ ಇಳ್ದು ಕೆಲಸ ಮಾಡೋರಿಗಿ ಉಸಿರು ಸಿಗಂಗಿಲ್ಲ. ನಾ ಮಾಡಿದ್ದು ತಪ್ಪು ಒಂದದ. ಅದಕ್ಕ ಎರಡು ಅನಬ್ಯಾಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೊಣಗಾಟ ಮಾತ್ರ ಸ್ವಲ್ಪ ತಗ್ಗಿತು. ಎಲ್ಲರೂ ಗುತ್ತೇದಾರನ ಕಡೆ ನೋಡಿದರು. ರಾಳದ ಯಂತ್ರವನ್ನು ಹಿಂದಕ್ಕೆ ಕಳಿಸುತ್ತೇನೆ ಎಂದ ಅವನು. ಬಾವಿಗೆ ಸೊಳ್ಳೆ ನುಸುಳದ ಜಾಲರಿ ಹಾಕಿಸುತ್ತೇನೆ. ಹೊಂಡದ ಕೆಳಗಿನ ಬಿರುಕನ್ನು ಮಾತ್ರ ಮುಚ್ಚಿಸುತ್ತೇನೆ. ದಪ್ಪ ಮೊಟ್ಟೆಯ ನುಸಿ ಒಂದೂ ಉಳಿದಿಲ್ಲವೆಂದು ಡಾಕ್ಟರು ಹೇಳುವ ತನಕ ಬಾಗಿಲು ತೆರೆಯುವುದಿಲ್ಲ. ಅಲ್ಲಿಯ ತನಕ ಕಾಯಬೇಕು, ನಾನೂ ಕಾಯುತ್ತೇನೆ ಎಂದ.

ಬಾಗಿಲು ತೆರೆದದ್ದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಜಲಸಾಕ್ಷಿಯ ಪಕ್ಕದಲ್ಲಿ ಬಟ್ಟಲುಗಳ ಒಂದು ಕಪಾಟು ಬಂದಿತ್ತು. ಯಂತ್ರ ಬಗೆ ಗುರುತಿಸಲಾರದ ಕೆಂಪುನುಸಿಯನ್ನು ಅದರಲ್ಲಿಟ್ಟು ಮೊಟ್ಟೆಗೆ ಕಾಯುವುದು ನಿಯಮವಾಯಿತು. ಕಾಯುವ ದಿನಗಳಿಗೆಂದು ಮೊಹಲ್ಲಾಕ್ಕೆ ಒಂದು ದೊಡ್ಡ ತೊಟ್ಟಿ ಕಟ್ಟಿದರು. ಕೆಲವರು ತಾಹೇರಾ ಬಾನು ಅವರ ಮನೆಯ ಮುಂದೆ ಹಾಯುವಾಗ ಇಂದಿಗೂ ಮುಖ ತಿರುಗಿಸುತ್ತಾರೆ.

ಸಭೆ ಮುಗಿದ ದಿನ ಸಂಜೆ ತಾಹೇರಾ ಬುರ್ಖಾ ಹಾಕಿಕೊಂಡು ಹೊರಟರು. ಭೇದಿಯಾಗಿದ್ದ ಕೂಸುಗಳ ಮನೆಗೆಲ್ಲ ಹೋಗಿ ತಾವೇ ಹೇಳಬೇಕು ಎಂದರು. ಬಾ ಎಂದು ಕರೆಯಲಿಲ್ಲ. ಮಹಾನಂದಾ ಚಪ್ಪಲಿ ಮೆಟ್ಟಿ ಜೊತೆಗೆ ನಡೆದರು.

ಮೊದಲ ಮನೆಯಲ್ಲಿ ಅಜ್ಜಿಯೊಬ್ಬಳು, ಮಾತು ಪೂರ್ತಿ ಕೇಳುವ ಮುಂಚೆಯೇ ಕದ ಹಾಕಿಕೊಂಡಳು. ಎರಡನೆಯ ಮನೆಯವರು, ನೀವೊಬ್ಬರೇ ಏನು ಮಾಡಿದ್ದೀರಿ, ಊರ ತುಂಬ ಹೊಲಸೇ ಇದೆ ಎಂದು ಚಹಾ ಕೊಡಲು ಬಂದರು. ತಾಹೇರಾಗೆ ಅದನ್ನೂ ಸಹಿಸಲಾಗಲಿಲ್ಲ, ಎದ್ದುಬಂದರು. ಮೂರನೆಯದು ಸುಮಿತ್ರಾಳ ಮನೆ.

ಸುಮಿತ್ರಾ ಚಿಕ್ಕ ವಯಸ್ಸಿನವಳು, ಚೊಚ್ಚಲ ಕೂಸು. ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು. ಕೂಸು ಅವಳ ಹೆಗಲ ಮೇಲಿತ್ತು. ತಾಹೇರಾ ಹೇಳಿ ಮುಗಿಸಿದ ಮೇಲೆ ಆಕೆ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಮಹಾನಂದಾಗೆ ಅಲ್ಲಿಂದ ಹೊರಟುಬಿಡೋಣ ಅನ್ನಿಸಿತು.

"ದವಾಖಾನ್ಯಾಗ ಅದರ ಕೈಗಿ ಸೂಜಿ ಚುಚ್ಚೋವಾಗ ನೀವು ನೋಡ್ಬೇಕಿತ್ತು" ಎಂದಳು ಸುಮಿತ್ರಾ.

ತಾಹೇರಾ ತಲೆಯಾಡಿಸಿದರು.

ಸುಮಿತ್ರಾ ಒಳಗೆ ಹೋಗುವವಳಂತೆ ತಿರುಗಿದಳು. ಹೋಗಲಿಲ್ಲ. ಬೇರೆಲ್ಲೋ ನೋಡುತ್ತ, "ಎರಡ್ ದಿನ ಆಯ್ತು, ಸರಿಯಾಗಿ ಹಾಲ್ ಕುಡೀವಲ್ದು. ಹೊಟ್ಟಿ ಬಿಗದಂಗ ಅದ" ಎಂದಳು. ಆಮೇಲೆ ಮೆಲ್ಲನೆ, "ಬಂದೀರಲ್ಲ, ನೋಡ್ರಿ" ಎಂದಳು.

ತಾಹೇರಾ ಕೈ ಚಾಚಿದವರು ಅರ್ಧಕ್ಕೆ ತಡೆದು, ಕೈ ತೊಳೆಯಬೇಕು ಎಂದರು. ಮನೆಯ ಮೂಲೆಯಲ್ಲಿ ಟ್ಯಾಂಕರಿನಿಂದ ಹಿಡಿದಿಟ್ಟ ನೀರು ಒಂದೇ ಕೊಡ ಇತ್ತು. ಸುಮಿತ್ರಾ ಕೂಸನ್ನು ಮಹಾನಂದಾರ ತೋಳಿಗೆ ಕೊಟ್ಟು, ಚರಿಗೆಯಲ್ಲಿ ನೀರು ತಂದು, ತಾಹೇರಾ ಬಾನು ಅವರ ಅಂಗೈ ಮೇಲೆ ಸಣ್ಣ ಧಾರೆಯಾಗಿ ಸುರಿಯತೊಡಗಿದಳು.